ಮೂವತ್ತಾರು ನಲ್ಲಿಯ ಮನೆ

ಕೆಂಚವ್ವನ ಹೂವಿನಂಗಡಿ ಅಳೆಯಲು ಲತಾಮಣಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಹತ್ತಡಿ ಉದ್ದ, ಎಂಟಡಿ ಅಗಲ, ಮೇಲೊಂದು ಶೀಟು. ಸುಬ್ರಹ್ಮಣ್ಯಪುರದ ಆ ರಸ್ತೆಗಳಿಗೆ ಕಂದಾಯ ಪರಿವೀಕ್ಷಕಿಯಾಗಿ ಅವಳು ವರ್ಗವಾಗಿ ಬಂದು ಆಗಿನ್ನೂ ಹದಿನೈದು ದಿನ. ಟೇಪು ಸುತ್ತಿಕೊಂಡು, ಪುಸ್ತಕದಲ್ಲಿ 'ಅಂಗಡಿ, ಎಂಬತ್ತು ಚದರಡಿ' ಎಂದು ಬರೆದುಕೊಂಡಳು. ಕೆಂಚವ್ವ ಕಟ್ಟುತ್ತಿದ್ದ ಸೇವಂತಿಗೆ ಮಾಲೆಯಿಂದ ಕಣ್ಣೆತ್ತಲೂ ಇಲ್ಲ.

"ಅಳ್ದಾಯ್ತಾ? ಬಂದೋರೆಲ್ಲ ಅಳೀತಾರೆ. ಒಂದಿಂಚೂ ಬೆಳ್ದಿಲ್ಲ ಕಣವ್ವ ನನ್ನಂಗ್ಡಿ. ಸ್ವಲ್ಪ ತಲೆ ಎತ್ತಿ ಎದುರುಗಡೆ ನೋಡು."

ಲತಾಮಣಿ ನೋಡಿದಳು. ಎದುರಿಗೆ ಮೂರಂತಸ್ತಿನ ಕಟ್ಟಡ. ಬಾಗಿಲಿಗೆ ಬಾಳೆಕಂಬ, ಮೇಲೆ ಹೂವಿನ ಕಮಾನು, ರಸ್ತೆಯ ಎರಡೂ ಬದಿ ಕಾರುಗಳು, ಒಳಗಿಂದ ವಾಲಗದ ಸದ್ದು. ಗೋಡೆಯ ಮೇಲೆ ಹಿತ್ತಾಳೆ ಅಕ್ಷರಗಳಲ್ಲಿ 'ನೀಲಗಂಗಮ್ಮ ನಿಲಯ' ಎಂದಿತ್ತು.

"ನನ್ನ ಹತ್ತಡಿಗೆ ಅಂಗ್ಡಿ ರೇಟು. ಆ ಛತ್ರಕ್ಕೆ ಮನೆ ರೇಟು. ಇದ್ಯಾವ ನ್ಯಾಯ ಹೇಳು. ಒಳಗೆ ಹೋಗಿ ಟೇಪ್ ಹಿಡ್ಯಕ್ಕೆ ನಿಮ್ಮೋರ್ಗೆ ಕೈ ನಡುಗ್ತದಾ?"

ಕಚೇರಿಗೆ ಹೋಗಿ ಕಡತ ತೆಗೆದರೆ ಅಜ್ಜಿ ಹೇಳಿದ್ದು ನಿಜವಾಗಿತ್ತು. ಮಾಲೀಕ ಲಕ್ಕಪ್ಪ. ಬಳಕೆ: ವಾಸದ ಮನೆ. ವಾಸ: ಸ್ವಂತ. ವಿಸ್ತೀರ್ಣ: ಆರು ಸಾವಿರ ಚದರಡಿ.

ಈ ಊರಿನಲ್ಲಿ ಆಸ್ತಿ ತೆರಿಗೆಯ ಲೆಕ್ಕವನ್ನು ಆಸ್ತಿಯವನೇ ಹೇಳಿಕೊಳ್ಳಬೇಕು. ಕಟ್ಟಡ ಎಷ್ಟು ಚದರಡಿ, ರಸ್ತೆ ಯಾವ ವಲಯದ್ದು, ಕಟ್ಟಿ ಎಷ್ಟು ವರ್ಷವಾಯಿತು, ತಾನೇ ಇದ್ದಾನೋ ಬಾಡಿಗೆಗೆ ಕೊಟ್ಟಿದ್ದಾನೋ, ಮನೆಯೋ ಅಂಗಡಿಯೋ ಛತ್ರವೋ, ಇಷ್ಟನ್ನು ಅವನೇ ಬರೆದುಕೊಟ್ಟರೆ ಒಂದೊಂದಕ್ಕೂ ನಿಗದಿಯಾದ ದರ ಹಿಡಿದು ತೆರಿಗೆ ತಾನಾಗಿ ಹೊರಬೀಳುತ್ತದೆ. ಜನ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ಏರ್ಪಾಡು ಇದು. ಬಹುಪಾಲು ಜನ ಹೇಳುವುದೂ ಇಲ್ಲ. ಹೇಳುವ ಕೆಲವರಿಗಾಗಿ ಸರ್ಕಾರ ಲತಾಮಣಿಯಂಥವರ ಕೈಗೆ ಒಂದು ಟೇಪು ಕೊಟ್ಟು ಬಿಸಿಲಿಗೆ ಅಟ್ಟುತ್ತದೆ.

ಕಡತದಲ್ಲಿ ಹಿಂದಿನ ವರ್ಷದ ತಪಾಸಣೆಯ ವರದಿಯೂ ಇತ್ತು. ಜುಲೈ ಒಂದರಂದು ಅವಳ ಹಿಂದಿನವರು ಹೋಗಿ ನೋಡಿ ಬಂದಿದ್ದರು. 'ನೆಲಮಹಡಿಯಲ್ಲಿ ನಾಲ್ಕು ಮಂಚ, ಒಂದು ಟಿವಿ, ಒಂದು ತೊಟ್ಟಿಲು. ಮಾಲೀಕರ ಕುಟುಂಬ ವಾಸವಾಗಿರುವುದು ಕಂಡುಬಂದಿದೆ. ಉಪ್ಪಿಟ್ಟಿನ ವಾಸನೆ ಬರುತ್ತಿತ್ತು.' ಉಪ್ಪಿಟ್ಟನ್ನು ಸರ್ಕಾರಿ ವರದಿಗೆ ಸೇರಿಸಿದ ಆ ಪುಣ್ಯಾತ್ಮ ಸುಳ್ಳು ಬರೆದಿರಲಿಲ್ಲ. ಕಂಡದ್ದನ್ನೇ ಬರೆದಿದ್ದ.

"ಜುಲೈ ಅಂದ್ರೆ ಆಷಾಢ ಅಲ್ವೇನವ್ವ," ಎಂದಳು ಕೆಂಚವ್ವ, ಮರುದಿನ ಲತಾಮಣಿ ಕೇಳಿದಾಗ. "ಆಷಾಢದಲ್ಲಿ ಯಾರ ಮದ್ವೆ ಆಗ್ತದೆ? ಛತ್ರ ಖಾಲಿ. ಆ ಲಕ್ಕಪ್ಪ ಉತ್ತರಹಳ್ಳಿ ಕಡೆ ಇರೋ ಸ್ವಂತ ಮನೆಯಿಂದ ಹೆಂಡ್ತಿ, ಮಕ್ಳು, ಮೊಮ್ಮಗಾನೂ ಸೇರ್ಸಿ ಇಲ್ಲಿಗೆ ತಂದು ಮಲಗಿಸ್ತಾನೆ. ಮಂಚ ಎಲ್ಲಿದು ಗೊತ್ತಾ? ಗಂಡಿನ ಕಡೆಯವ್ರ ರೂಮಿಂದು."

ಲಕ್ಕಪ್ಪನನ್ನು ಕಂಡವರಾರೂ ಕೆಟ್ಟವನೆನ್ನುತ್ತಿರಲಿಲ್ಲ. ಅಲ್ಲಿ ರಾಗಿ ಬೆಳೆಯುತ್ತಿದ್ದ ಹಳೆಯ ಊರಿನವನು, ಹೊಲ ಇದ್ದ ಜಾಗದಲ್ಲೇ ಛತ್ರ ಎಬ್ಬಿಸಿ ತಾಯಿಯ ಹೆಸರಿಟ್ಟಿದ್ದ. ರಾಮನವಮಿಗೆ ಬೀದಿಗೆಲ್ಲ ಪಾನಕ ಹಂಚುತ್ತಿದ್ದ. ತೆರಿಗೆಯ ವಿಷಯಕ್ಕೆ ಬಂದರೆ ಮಾತ್ರ ಅವನು ವರ್ಷಕ್ಕೊಂದು ತಿಂಗಳ ಸಂಸಾರಿ.

ಫೆಬ್ರವರಿಯಲ್ಲಿ ಲತಾಮಣಿಯ ನಾದಿನಿಯ ಗೆಳತಿಯೊಬ್ಬಳ ಮದುವೆ ಅಲ್ಲೇ ಬಿತ್ತು. ರೇಷ್ಮೆ ಸೀರೆ ಉಟ್ಟು, ಮುಯ್ಯಿ ಕವರು ಹಿಡಿದು ಹೋದಳು. ಊಟದ ಹಾಲಿನ ನೆಲಕ್ಕೆ ಎರಡಡಿ ಚೌಕದ ಟೈಲ್ಸ್ ಹಾಸಿತ್ತು. ತಾಂಬೂಲದ ಚೀಲ ಹಿಡಿದು, ಯಾರನ್ನೋ ಹುಡುಕುವವಳಂತೆ ಅತ್ತಿಂದಿತ್ತ ನಡೆಯುತ್ತ ಎಣಿಸಿದಳು. ಉದ್ದಕ್ಕೆ ನಲವತ್ತೈದು, ಅಗಲಕ್ಕೆ ಮೂವತ್ತು. ಅಂದರೆ ತೊಂಬತ್ತಡಿಗೆ ಅರವತ್ತಡಿ. ಒಂದೊಂದು ಅಂತಸ್ತಿಗೂ ಐದು ಸಾವಿರದ ನಾನೂರು ಚದರಡಿ, ಮೂರಕ್ಕೆ ಹದಿನಾರು ಸಾವಿರದ ಇನ್ನೂರು. ಕೈ ತೊಳೆಯಲು ಹೋದಾಗ ಸಾಲಾಗಿ ಮೂವತ್ತಾರು ನಲ್ಲಿಗಳಿದ್ದವು. ಅವುಗಳಲ್ಲಿ ಆರು, ಮಕ್ಕಳ ಎತ್ತರಕ್ಕೆ. ವರದಿಯಲ್ಲಿ ಎಲ್ಲವನ್ನೂ ಬರೆದು, ಕೊನೆಗೆ, 'ಮೂವತ್ತಾರು ನಲ್ಲಿಗಳಲ್ಲಿ ಒಟ್ಟಿಗೆ ಕೈ ತೊಳೆಯುವ ಕುಟುಂಬ ಈ ವಾರ್ಡಿನಲ್ಲಿ ನನಗೆ ಕಂಡುಬಂದಿಲ್ಲ' ಎಂದು ಸೇರಿಸಿದಳು. ಸೇರಿಸಬಾರದಿತ್ತು. ಆದರೆ ಬರೆದ ಮೇಲೆ ಹೊಡೆದುಹಾಕಲು ಮನಸ್ಸು ಬರಲಿಲ್ಲ.

ನೋಟಿಸು ಹೋಯಿತು. ಛತ್ರದ ದರದಲ್ಲಿ ತೆರಿಗೆ, ಹಿಂದಿನ ವರ್ಷಗಳ ವ್ಯತ್ಯಾಸ, ಅದರ ಮೇಲೆ ದಂಡ. ವಾರದೊಳಗೆ ಲಕ್ಕಪ್ಪನ ಉತ್ತರ ಬಂತು. ಉತ್ತರದ ಜೊತೆ ಒಂದು ದೂರು ಕೂಡ. 'ಸದರಿ ಪರಿವೀಕ್ಷಕಿಯು ನನ್ನ ವಾಸದ ಮನೆಗೆ ಬಂದು ಐವತ್ತು ಸಾವಿರ ರೂಪಾಯಿ ಲಂಚ ಕೇಳಿದರು. ಕೊಡದಿದ್ದಕ್ಕೆ ಸುಳ್ಳು ವರದಿ ಬರೆದಿದ್ದಾರೆ.'

ಅದನ್ನು ಲತಾಮಣಿ ಎರಡು ಸಲ ಓದಿದಳು. ಹತ್ತೊಂಬತ್ತು ವರ್ಷದ ನೌಕರಿ. ಅಪ್ಪ ಚಿನ್ನಪ್ಪ ಅದೇ ಪಾಲಿಕೆಯಲ್ಲಿ ರಸ್ತೆ ಗುಡಿಸಿ ನಿವೃತ್ತನಾದವನು. ಮಗಳು ಕುರ್ಚಿಯಲ್ಲಿ ಕೂತದ್ದನ್ನು ನೋಡಲು ಒಂದು ದಿನ ಕಚೇರಿಗೆ ಬಂದು, ಬಾಗಿಲಲ್ಲೇ ನಿಂತು ನೋಡಿ, ಮಾತಾಡಿಸದೆ ಹೋಗಿದ್ದ. ಈ ಹತ್ತೊಂಬತ್ತು ವರ್ಷದಲ್ಲಿ ಅವಳು ಯಾರ ಮನೆಯ ಒಂದು ಲೋಟ ಕಾಫಿಗೂ ಆಸೆಪಟ್ಟಿರಲಿಲ್ಲ. ಈಗ ವರದಿ ಸುಳ್ಳೆಂದಾದರೆ ದೂರು ನಿಜವೆಂದಾಗುತ್ತದೆ. ಕೆಲಸ ಹೋಗುತ್ತದೆ, ಅದಕ್ಕಿಂತ ಮೊದಲು ಹೆಸರು ಹೋಗುತ್ತದೆ. ಹೆಸರು ಆಗಲೇ ಅರ್ಧ ಹೋಗಿತ್ತು. ಮಧ್ಯಾಹ್ನ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದವರಿಗೆ ಒಬ್ಬೊಬ್ಬರಾಗಿ ಹೊರಗೆ ಕೆಲಸ ಬೀಳತೊಡಗಿತು. ಹಿಂದಿನ ಮೇಜಿನ ಅಲಮೇಲು ಮಾತ್ರ ಎದುರಿಗೇ ಕೇಳಿದಳು. "ಏನೂ ಇಲ್ದೆ ಯಾರಾದ್ರೂ ದೂರು ಬರ್ಕೊಡ್ತಾರಾ ಲತಾ?"

ವಿಚಾರಣೆ ಮೂರು ಸಲ ಮುಂದೆ ಹೋಯಿತು, ಮೂರು ಸಲವೂ ಲಕ್ಕಪ್ಪನ ಕೋರಿಕೆಯ ಮೇಲೆ. ನಾಲ್ಕನೆಯ ಸಲ, ಮೇ ತಿಂಗಳ ಕೊನೆಗೆ, ಅಧಿಕಾರಿ ಅನಂತಪದ್ಮನಾಭ ಅವರ ಕೊಠಡಿಯಲ್ಲಿ ಅಂತೂ ನಡೆಯಿತು. ಅವರು ನಿವೃತ್ತಿಗೆ ಏಳು ತಿಂಗಳಿದ್ದ, ಯಾರನ್ನೂ ನಂಬದ, ಅದೇ ಕಾರಣಕ್ಕೆ ಎಲ್ಲರಿಗೂ ಒಂದೇ ಅಳತೆ ಇಟ್ಟಿದ್ದ ಮನುಷ್ಯ. ಲಕ್ಕಪ್ಪ ಬಂದಿರಲಿಲ್ಲ. ಅವನ ಪರವಾಗಿ ಸುಶ್ರುತ ಎಂಬ ಎಳೆಯ ವಕೀಲ ಬಂದಿದ್ದ, ಕೋಟಿನ ಇಸ್ತ್ರಿ ಇನ್ನೂ ಬಿಸಿ ಇದ್ದಂತಿತ್ತು.

"ಸಾರ್, ನಮ್ ಕ್ಲೈಂಟು ಕಾಶೀಗೆ ಹೋಗಿದಾರೆ," ಎಂದು ಶುರು ಮಾಡಿದ. "ಇದು ಪಕ್ಕಾ ರೆಸಿಡೆನ್ಸ್ ಸಾರ್. ಕರೆಂಟ್ ಮೀಟರ್ ಮನೇದೇ. ಹೋದ್ ವರ್ಷದ ಇನ್ಸ್‌ಪೆಕ್ಷನ್ನಲ್ಲಿ ಮಂಚ, ತೊಟ್ಲು ಎಲ್ಲಾ ಇದೆ. ಈ ಮೇಡಂ ಏನ್ ಮಾಡಿದಾರೆ? ಊಟಕ್ಕೆ ಹೋಗಿ ಟೈಲ್ಸ್ ಎಣ್ಸಿದಾರೆ. ನಲ್ಲಿ ಎಣ್ಸಿದಾರೆ. ಇದನ್ನ ಅಳತೆ ಅಂತಾರಾ?"

"ವರದಿ ಜೊತೆ ಮದುವೆ ಫೋಟೋನೂ ಇದೆಯಲ್ರೀ," ಎಂದರು ಅಧಿಕಾರಿ.

"ಮನೇಲಿ ಮದ್ವೆ ಮಾಡ್ಬಾರ್ದು ಅಂತ ಕಾನೂನಿದ್ಯಾ ಸಾರ್? ನೆಂಟರಿಷ್ಟರು ಕೇಳ್ದಾಗ ಕೊಡ್ತಾರೆ. ಒಂದ್ ರೂಪಾಯಿ ತಗೊಳಲ್ಲ."

ಅನಂತಪದ್ಮನಾಭ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ನಾನೇ ಬಂದು ನೋಡ್ತೀನಿ. ಕಾನೂನು ಪ್ರಕಾರ ಮೊದಲೇ ದಿನ ತಿಳಿಸ್ಬೇಕು, ತಿಳಿಸ್ತೀನಿ. ಮುಂದಿನ ವಾರ ಆಗುತ್ತಾ?"

ಸುಶ್ರುತ ಗಾಬರಿಯಾದ. ಲಕ್ಕಪ್ಪ ಊರು ಬಿಡುವ ಮುಂಚೆ ಹೇಳಿಹೋಗಿದ್ದ ಮಾತು ಒಂದೇ: ಸ್ಥಳ ತಪಾಸಣೆ ಅಂದರೆ ಆಷಾಢದಲ್ಲೇ ದಿನ ತಗೊಳ್ಳಿ ಲಾಯರ್ರೇ, ಬೇರೆ ಯಾವುದಕ್ಕೂ ಒಪ್ಪಬೇಡಿ. ವಕೀಲ ಕಡತ ತಿರುವಿದ. ಹಿಂದಿನ ವರ್ಷದ ಆಷಾಢದ ತಪಾಸಣೆಯ ತಾರೀಕು ಕಣ್ಣಿಗೆ ಬಿತ್ತು. ಮುಖ ಅರಳಿತು.

"ಜುಲೈ ಒಂದು, ಬುಧವಾರ ಇರ್ಲಿ ಸಾರ್. ಅಷ್ಟ್ ಹೊತ್ತಿಗೆ ಫ್ಯಾಮಿಲಿ ಎಲ್ಲಾ ಮನೇಲೇ ಇರ್ತಾರೆ."

"ನೀವೇ ಕೇಳಿದ ದಿನ. ಮೂರು ಸಲ ಮುಂದಕ್ಕೆ ಹಾಕಿದೀರಿ. ಇದು ಕೊನೆ, ಬದಲಾವಣೆ ಇಲ್ಲ. ಬರೆದು ಸಹಿ ಹಾಕಿ."

ಸುಶ್ರುತ ಸೊಗಸಾಗಿ ಸಹಿ ಹಾಕಿದ. ಲತಾಮಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಜುಲೈ, ಆಷಾಢ, ನಾಲ್ಕು ಮಂಚ, ತೊಟ್ಟಿಲು, ಉಪ್ಪಿಟ್ಟು. ಅಧಿಕಾರಿ ಕಣ್ಣಾರೆ ನೋಡುವುದು ಅದನ್ನೇ. ತಿಳಿಸದೆ ಹೋಗೋಣ ಸಾರ್ ಎನ್ನಲು ಬಾಯಿ ತೆರೆದಳು, ಕಾನೂನು ಅವಳಿಗೂ ಗೊತ್ತಿದ್ದರಿಂದ ಮುಚ್ಚಿದಳು.

ಬಸ್ಸಿಳಿದು ನೇರವಾಗಿ ಕೆಂಚವ್ವನ ಅಂಗಡಿಗೆ ಹೋಗಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅಳುವೂ ಬಂತು. ನಲವತ್ತೆರಡು ವರ್ಷದ ಹೆಂಗಸು ರಸ್ತೆಯಲ್ಲಿ ಕೂತು ಅಳುವುದು ಸರಿಯಲ್ಲ ಎಂದು ಗೊತ್ತಿದ್ದೂ ಅತ್ತಳು.

"ಜುಲೈ ಒಂದೇ ಅಂದ್ರಾ?" ಎಂದಳು ಕೆಂಚವ್ವ.

"ಹೂಂ ಅಜ್ಜಿ. ಆಷಾಢ ಬರ್ಲಿ ಅಂತಾನೇ ಅವರ ಲಾಯರ್ ಕೇಳಿ ತಗೊಂಡ."

ಕೆಂಚವ್ವ ದಾರ ಕೆಳಗಿಟ್ಟಳು. ಅವಳಿಗೆ ಎಲ್ಲಿಂದ ನಗು ಬಂತೋ, ಸೊಂಟ ಹಿಡಿದುಕೊಂಡು ನಕ್ಕಳು. ಪಕ್ಕದ ಇಸ್ತ್ರಿ ಅಂಗಡಿಯವನು ತಲೆ ಹೊರಗೆ ಹಾಕಿ ನೋಡುವಷ್ಟು ನಕ್ಕಳು.

"ಅಯ್ಯೋ ನಮ್ಮವ್ವ! ಓದ್ಕೊಂಡೋರೆಲ್ಲ ಹಿಂಗೇನಾ? ಈ ವರ್ಷ ಅಧಿಕ ಮಾಸ ಅಲ್ವಾ! ಈಗ ನಡೀತಿರೋದೇ ಅಧಿಕ ಜೇಷ್ಠ. ಅದಕ್ಕೇ ನೋಡು, ಹದಿನೈದು ದಿನದಿಂದ ಒಂದು ಮದ್ವೆ ಇಲ್ಲ, ನನ್ನ ಹೂವ ಯಾರೂ ಮೂಸಿ ನೋಡ್ತಿಲ್ಲ. ಅದಕ್ಕೇ ಆ ಲಕ್ಕಪ್ಪ ಕಾಶೀಗೆ ಹೋಗಿರೋದು. ಇದು ಮುಗೀಬೇಕು, ಆಮೇಲೆ ನಿಜ ಜೇಷ್ಠ ಒಂದು ತಿಂಗ್ಳು. ಆಷಾಢ ಬರೋದು ಜುಲೈ ಅರ್ಧ ಆದ್ಮೇಲೆ."

ಲತಾಮಣಿಯ ಅಳು ನಿಂತಿತು. "ಅಂದ್ರೆ ಜುಲೈ ಒಂದನೇ ತಾರೀಕು..."

"ತಡ್ಕೊಂಡಿದ್ದ ಮದ್ವೆಗಳೆಲ್ಲ ಒಟ್ಟಿಗೆ ಬೀಳೋ ಟೈಮು! ಅವತ್ತು ಎದುರುಗಡೆ ಭಾರಿ ಮದ್ವೆ ಅದೆ. ಹಾರ ನಾಕು ಜೊತೆ, ಮಂಟಪಕ್ಕೆ ಮಲ್ಗೆ ಪರದೆ, ಹುಡುಗೀಗೆ ಮೊಗ್ಗಿನ ಜಡೆ, ಎಲ್ಲಾ ಆರ್ಡ್ರು ನಂಗೇ. ಅಡ್ವಾನ್ಸೂ ಕೊಟ್ಟವ್ರೆ."

ವಕೀಲನಿಗೂ ಲತಾಮಣಿಗೂ ಆಷಾಢ ಗೊತ್ತಿದ್ದುದು ಸೀರೆ ಅಂಗಡಿಗಳ ರಿಯಾಯಿತಿ ಜಾಹೀರಾತಿನಿಂದ. ಜುಲೈ ಬಂದರೆ ಆಷಾಢ ಎಂದು ಇಬ್ಬರೂ ನಂಬಿದ್ದರು. ಮುಹೂರ್ತಗಳನ್ನು ನಂಬಿ ಹೂ ಕಟ್ಟುವವಳಿಗೆ ಮಾತ್ರ ಮೂರು ವರ್ಷಕ್ಕೊಮ್ಮೆ ಬರುವ ಆ ಹೆಚ್ಚಿನ ತಿಂಗಳು ಹೊಟ್ಟೆಗೇ ತಟ್ಟುತ್ತದೆ. ಲತಾಮಣಿ ಎದ್ದು, ಅಜ್ಜಿಯ ಎರಡೂ ಕೈ ಹಿಡಿದುಕೊಂಡು, ಮೊಳವೊಂದಕ್ಕೆ ಹತ್ತು ರೂಪಾಯಿ ಜಾಸ್ತಿ ಹೇಳಿದರೂ ಚೌಕಾಸಿ ಮಾಡದೆ ನಾಲ್ಕು ಮೊಳ ಮಲ್ಲಿಗೆ ಕೊಂಡಳು.

ಜೂನ್ ಮಧ್ಯದಲ್ಲಿ ಲಕ್ಕಪ್ಪ ಕಾಶಿಯಿಂದ ಬಂದ. ಬಂದ ಮರುದಿನವೇ ಗಂಗಾಜಲದ ತಂಬಿಗೆ ಹಿಡಿದು ಲತಾಮಣಿಯ ಮೇಜಿನ ಮುಂದೆ ನಿಂತ.

"ಮೇಡಂ, ಒಂದ್ ಚಿಕ್ಕ ರಿಕ್ವೆಸ್ಟು. ಡೇಟ್ ಒಂದ್ ಹದಿನೈದಿಪ್ಪತ್ ದಿನ ಮುಂದಕ್ ಹಾಕ್ಸಿ. ಮೊಮ್ಮಗೂಗೆ ಹುಷಾರಿಲ್ಲ."

"ಡೇಟ್ ಕೇಳಿದ್ದು ನಿಮ್ಮ ಲಾಯರ್ರೇ ಅಲ್ವಾ ಸಾರ್?"

"ಆ ಹುಡ್ಗನಿಗೆ ಪಂಚಾಂಗ ಗೊತ್ತಿಲ್ಲ ಮೇಡಂ, ಲಾ ಗೊತ್ತು ಅಷ್ಟೇ!"

ಆಡಿದ ಮೇಲೆ ಲಕ್ಕಪ್ಪ ನಾಲಿಗೆ ಕಚ್ಚಿಕೊಂಡ. ಲತಾಮಣಿ ನಗಲಿಲ್ಲ. "ನೀವು ನನ್ನ ಮೇಲೆ ಬರೆದ ದೂರು ಇನ್ನೂ ಇದೆ ಸಾರ್. ನಿಮ್ಮ ಹತ್ರ ನಾನು ಒಬ್ಬಳೇ ಮಾತಾಡೋ ಹಾಗಿಲ್ಲ. ತಂಬಿಗೆ ತಗೊಂಡ್ ಹೋಗಿ." ಅನಂತಪದ್ಮನಾಭ ಅವರ ಬಳಿಯೂ ಅವನು ಹೋದನಂತೆ. ಅವರು ವಕೀಲನ ಸಹಿ ತೋರಿಸಿ ಕಳಿಸಿದರಂತೆ. ಜುಲೈ ಒಂದರ ಮದುವೆಯ ಹುಡುಗಿಯ ತಂದೆಯ ಬಳಿ ಹೋಗಿ, ಬನಶಂಕರಿಯಲ್ಲಿ ಇದಕ್ಕಿಂತ ಒಳ್ಳೆಯ ಛತ್ರ ಕೊಡಿಸುತ್ತೇನೆ ಎಂದು ಕೇಳಿದ್ದಕ್ಕೆ, ಎಂಟುನೂರು ಲಗ್ನಪತ್ರಿಕೆ ಹಂಚಿಯಾಗಿದೆ ಎಂದು ಅವರು ಬಾಗಿಲು ಹಾಕಿಕೊಂಡರಂತೆ. ಈ 'ಅಂತೆ'ಗಳೆಲ್ಲ ಕೆಂಚವ್ವನ ಅಂಗಡಿಗೆ ಹೂವಿಗಿಂತ ತಾಜಾ ಆಗಿ ಬರುತ್ತಿದ್ದವು.

ಜುಲೈ ಒಂದರಂದು ಬೆಳಿಗ್ಗೆ ಹತ್ತೂವರೆಗೆ ಅನಂತಪದ್ಮನಾಭ ಆಟೋದಲ್ಲಿ ಬಂದಿಳಿದರು. ಲತಾಮಣಿ ಐವತ್ತು ಮೀಟರಿನ ಹೊಸ ಟೇಪು ಹಿಡಿದು ಕಾಯುತ್ತಿದ್ದಳು. ನೀಲಗಂಗಮ್ಮ ನಿಲಯದ ಮುಂದೆ ಬಾಳೆಕಂಬ, ಚಪ್ಪರ, ಸಾಲುಸಾಲು ಕಾರು. ನಾದಸ್ವರ ಕಿವಿ ತುಂಬುತ್ತಿತ್ತು. ಹೂವಿನಲ್ಲಿ ಬರೆದ ಫಲಕದ ಮೇಲೆ ಸುರಭಿ, ನಚಿಕೇತ ಎಂಬ ಎರಡು ಹೆಸರು. ಇನ್ನೇನು ಬೇಕು ಎಂದುಕೊಂಡಳು ಲತಾಮಣಿ. ಅಷ್ಟರಲ್ಲಿ ಒಳಗಿಂದ ಲಕ್ಕಪ್ಪ ಬಂದ. ರೇಷ್ಮೆ ಪಂಚೆ, ಹೆಗಲ ಮೇಲೆ ಜರಿ ಶಲ್ಯ, ಹಣೆಗೆ ಕುಂಕುಮ. ಎರಡೂ ಕೈ ಜೋಡಿಸಿ ಬಾಗಿದ.

"ಬನ್ನಿ ಸಾರ್, ಬನ್ನಿ ಮೇಡಂ! ಇವತ್ತೇ ನಮ್ಮನೇಲಿ ಶುಭಕಾರ್ಯ. ನಮ್ ಹುಡ್ಗಿ ಮದ್ವೆ. ಊಟ ಮಾಡ್ಕೊಂಡೇ ಹೋಗ್ಬೇಕು."

ಅವನ ಹಿಂದೆ ಸುಶ್ರುತ ನಿಂತು ಮುಗುಳ್ನಗುತ್ತಿದ್ದ. ತನ್ನ ತಪ್ಪನ್ನು ತಾನೇ ತಿದ್ದಿದೆನೆಂಬ ಹೆಮ್ಮೆ ಮುಖದ ತುಂಬ ಇತ್ತು.

ಇದೊಂದನ್ನು ಲತಾಮಣಿ ಯೋಚಿಸಿರಲಿಲ್ಲ. ಸ್ವಂತ ಮನೆಯಲ್ಲಿ ಸ್ವಂತದವರ ಮದುವೆ ಮಾಡುವುದಕ್ಕೆ ಯಾವ ದರವೂ ಇಲ್ಲ. ವಕೀಲ ವಿಚಾರಣೆಯಲ್ಲಿ ಹೇಳಿದ್ದೂ ಅದೇ.

"ಯಾರ ಮಗಳು?" ಎಂದರು ಅನಂತಪದ್ಮನಾಭ.

"ನಮ್ ತಂಗಿ ಮಗ್ಳು ಸಾರ್. ಸುರಭಿ ಅಂತ. ನಾನೇ ಎತ್ತಿ ಆಡ್ಸಿರೋ ಕೂಸು."

ಅಧಿಕಾರಿ ತಲೆದೂಗಿದರು, ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಅವರ ಪೆನ್ನು 'ಮಾಲೀಕರ ತಂಗಿಯ ಮಗಳ' ಎಂಬಲ್ಲಿಗೆ ಬಂದದ್ದನ್ನು ಲತಾಮಣಿ ಕಂಡಳು. ಹತ್ತೊಂಬತ್ತು ವರ್ಷ ಆ ಪೆನ್ನಿನ ತುದಿಯಲ್ಲಿತ್ತು. ಒಳಗಡೆ ಪುರೋಹಿತರ ಮೈಕು ಗೊರಗೊರ ಎಂದಿತು. 'ಮುಹೂರ್ತ ಸಮೀಪಿಸ್ತಾ ಇದೆ, ಹುಡುಗಿ ಸೋದರಮಾವ ಎಲ್ಲಿದ್ದರೂ ಬರಬೇಕು, ಹುಡುಗೀನ ಕರ್ಕೊಂಡ್ ಬರಬೇಕು.'

ಲತಾಮಣಿಗೆ ನಗು ತಡೆಯಲಾಗಲಿಲ್ಲ. ಐದು ತಿಂಗಳ ಮೇಲೆ ಬಂದ ಮೊದಲ ನಗು ಅದು.

"ಸಾರ್," ಎಂದಳು ಲಕ್ಕಪ್ಪನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ. "ತಂಗಿ ಮಗಳು ಅಂದ್ರೆ ಸೋದರಮಾವ ನೀವೇ ಅಲ್ವಾ? ನಿಮ್ಮನ್ನೇ ಕರೀತಿದಾರೆ. ಹುಡುಗಿ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡ್ ಬರೋದು ಬಿಟ್ಟು ನೀವಿಲ್ಲಿ ನಿಂತಿದ್ರೆ ಹೆಂಗೆ? ನಮ್ಮಿಂದ ಶಾಸ್ತ್ರ ನಿಲ್ಲೋದು ಬೇಡ. ಹೋಗಿ ಸಾರ್."

ಅನಂತಪದ್ಮನಾಭ ಬರೆಯುವುದನ್ನು ನಿಲ್ಲಿಸಿದರು. "ಹೌದಲ್ಲ. ಹೋಗಿ ಲಕ್ಕಪ್ಪನೋರೇ. ನಾವೂ ನೋಡ್ತೀವಿ."

ಲಕ್ಕಪ್ಪ ವಕೀಲನ ಮುಖ ನೋಡಿದ. ವಕೀಲನಿಗೆ ಈ ಶಾಸ್ತ್ರವೂ ಗೊತ್ತಿರಲಿಲ್ಲ. ಹೋಗಿ ಹೋಗಿ ಎಂದು ಕೈಸನ್ನೆ ಮಾಡಿದ. ಬೇರೆ ದಾರಿಯಿಲ್ಲದೆ ಲಕ್ಕಪ್ಪ ಮೆಟ್ಟಿಲು ಹತ್ತಿ, ಮದುವೆ ಹಾಲಿನ ನಡುವಿನ ಕೆಂಪು ಹಾಸಿನ ಮೇಲೆ, ಎಂಟುನೂರು ಜನರ ಕಣ್ಣೆದುರು, ಮಂಟಪದ ಕಡೆ ನಡೆದ. ಅವನ ಹಿಂದೆ ಅಧಿಕಾರಿ, ಅವರ ಹಿಂದೆ ಟೇಪು ಹಿಡಿದ ಲತಾಮಣಿ. ಅದೇ ಹೊತ್ತಿಗೆ ಪಕ್ಕದ ಕೋಣೆಯ ಬಾಗಿಲು ತೆರೆದು, ಮೊಗ್ಗಿನ ಜಡೆಯ ಹುಡುಗಿಯ ಕೈ ಹಿಡಿದು ಇನ್ನೊಬ್ಬರು ಹೊರಬಂದರು. ಎತ್ತರದ, ಬಿಳಿ ಮೀಸೆಯ, ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ಸೋದರಮಾವ. ಎಂಟುನೂರು ಜನರೂ ಒಬ್ಬ ಹುಡುಗಿಗೆ ಬಂದ ಇಬ್ಬರು ಮಾವಂದಿರನ್ನು ನೋಡಿದರು.

ಮಂಟಪದ ಮೇಲೆ ಪುರೋಹಿತರ ಪಕ್ಕ ಕೂತಿದ್ದ ಹುಡುಗಿಯ ತಂದೆ ಸೇತುರಾಮ ಲಕ್ಕಪ್ಪನನ್ನು ಕಂಡರು. ಬೆವರು ಒರೆಸಿಕೊಳ್ಳುತ್ತ, ಮೈಕು ಮುಂದಿದೆ ಎಂಬುದನ್ನು ಮರೆತು ಒಂದೇ ಸಮ ಶುರು ಮಾಡಿದರು.

"ಓನರ್ ಸಾರ್! ಸದ್ಯ ಬಂದ್ರಲ್ಲ! ನಿಮ್ಮನ್ನೇ ಹುಡುಕ್ತಿದ್ದೆ. ಊಟದ ಹಾಲ್ ಫ್ಯಾನು ತಿರುಗ್ತಾನೇ ಇಲ್ಲ, ನಿಮ್ಮ ಮ್ಯಾನೇಜರ್ರು ಜನರೇಟರ್‌ಗೆ ಎಕ್ಸ್‌ಟ್ರಾ ಕೊಡಿ ಅಂತಾನೆ. ಎರಡೂವರೆ ಲಕ್ಷ ಬಾಡಿಗೆ ತಗೊಂಡು ಫ್ಯಾನಿಗೆ ಬೇರೆ ಕೇಳಿದ್ರೆ ಹೆಂಗ್ರೀ?"

ಮೈಕು ಒಳ್ಳೆಯದಿತ್ತು. ಊಟದ ಹಾಲಿನ ಬಾಣಸಿಗರಿಗೂ, ರಸ್ತೆಯಾಚೆ ಹೂವಿನಂಗಡಿಯಲ್ಲಿ ಕೂತಿದ್ದ ಕೆಂಚವ್ವನಿಗೂ ಎರಡೂವರೆ ಲಕ್ಷ ಎಂಬುದು ಸ್ಪಷ್ಟವಾಗಿ ಕೇಳಿಸಿತು. ಹಾಲಿನ ತುಂಬ ನಗು ಎದ್ದಿತು. ಅನಂತಪದ್ಮನಾಭ ಪುಸ್ತಕದಲ್ಲಿ ಬರೆದಿದ್ದ ಸಾಲನ್ನು ನಿಧಾನವಾಗಿ ಅಡ್ಡ ಗೀರಿ ಹೊಡೆದುಹಾಕಿದರು.

"ಲತಾಮಣಿಯವರೇ, ಅಳತೆ ಶುರು ಮಾಡಿ," ಎಂದರು. "ಮುಹೂರ್ತಕ್ಕೆ ತೊಂದರೆ ಆಗದ ಹಾಗೆ, ಕೆಳಗಿನ ಊಟದ ಹಾಲಿಂದ."

ಗಟ್ಟಿಮೇಳದ ಸದ್ದಿನ ನಡುವೆ ಲತಾಮಣಿ ಅಳೆದಳು. ಗಂಡಿನ ಕಡೆಯ ನಿವೃತ್ತ ಎಂಜಿನಿಯರೊಬ್ಬರು ಕೇಳದೆಯೇ ಬಂದು ಟೇಪಿನ ಇನ್ನೊಂದು ತುದಿ ಹಿಡಿದರು. ಸುಮ್ಮನೆ ಕೂತು ಬೇಜಾರಾಗಿತ್ತು ಎಂದರು. ಊಟದ ಹಾಲಿನ ಉದ್ದ ತೊಂಬತ್ತಡಿ ಒಂದಿಂಚು, ಅಗಲ ಅರವತ್ತಡಿ. ಆ ಒಂದಿಂಚು ಟೈಲ್ಸುಗಳ ನಡುವಿನ ಸಂದಿನದು ಎಂದು ಎಂಜಿನಿಯರು ಗಂಭೀರವಾಗಿ ತೀರ್ಪು ಕೊಟ್ಟರು. ಮೇಲಿನ ಎರಡೂ ಅಂತಸ್ತು ಹಾಗೆಯೇ. ನಲ್ಲಿಗಳನ್ನು ಅನಂತಪದ್ಮನಾಭ ತಾವೇ ಬೆರಳಿಟ್ಟು ಎಣಿಸಿದರು. ಒಮ್ಮೆ ಮೂವತ್ತೈದು ಬಂತು. ಅವರಿಗೆ ಸಮಾಧಾನವಾಗದೆ ಮತ್ತೆ ಎಣಿಸಿ ಮೂವತ್ತಾರು ಮಾಡಿದರು. ಸೇತುರಾಮ ಧಾರೆ ಮುಗಿಸಿ ಬಂದು ಬಾಡಿಗೆಯ ರಸೀದಿ ತೋರಿಸಿದರು. ಅದರ ಮೇಲೆ 'ನೀಲಗಂಗಮ್ಮ ನಿಲಯ, ಮದುವೆ ಮುಂಜಿಗಳಿಗೆ ಸಂಪರ್ಕಿಸಿ' ಎಂದು ಅಚ್ಚಾಗಿತ್ತು.

ಅಲ್ಲೇ, ಬಾಳೆಲೆ ಹಾಸಿದ ಮೇಜಿನ ತುದಿಯಲ್ಲಿ, ಅಧಿಕಾರಿ ಮಹಜರು ಬರೆಸಿದರು. ಸಾಕ್ಷಿಗೆ ಇಬ್ಬರು ಸಾಕಿತ್ತು. ಹುಡುಗಿಯ ಕಡೆಯಿಂದ ನಾಲ್ವರು, ಗಂಡಿನ ಕಡೆಯಿಂದ ಐವರು ಸಹಿ ಹಾಕಿದರು. ಗಂಡಿನ ಕಡೆಯವರು ಒಂದಾದರೂ ಹೆಚ್ಚಿರಬೇಕೆಂದು ಹಟ ಹಿಡಿದಿದ್ದರು. ಸು‌ಶ್ರುತ ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಆದೇಶ ಹತ್ತು ದಿನದಲ್ಲಿ ಬಂತು. ವರದಿಯಲ್ಲಿರುವುದೆಲ್ಲ ನಿಜ, ಅಳತೆ ಸರಿ, ಛತ್ರದ ದರ ಅನ್ವಯ, ವ್ಯತ್ಯಾಸವೂ ದಂಡವೂ ಕಟ್ಟತಕ್ಕದ್ದು. ಮಾಲೀಕರು ಹೊಸ ಘೋಷಣೆಯನ್ನು ಸ್ವಹಸ್ತದಲ್ಲಿ ಬರೆದುಕೊಡತಕ್ಕದ್ದು. ಪರಿವೀಕ್ಷಕಿಯ ಮೇಲಿನ ದೂರಿನ ಬಗ್ಗೆಯೂ ಅದೇ ದಿನ ಲಿಖಿತ ಹೇಳಿಕೆ ಕೊಡತಕ್ಕದ್ದು.

ಲಕ್ಕಪ್ಪ ಕಚೇರಿಗೆ ಬಂದಾಗ ಮಧ್ಯಾಹ್ನದ ಡಬ್ಬಿಯ ಹೊತ್ತು, ಎಲ್ಲರೂ ಮೇಜುಗಳಲ್ಲೇ ಇದ್ದರು. ಲತಾಮಣಿಯ ಎದುರು ಕೂತು ನಮೂನೆ ತುಂಬಿದ. ವಿಸ್ತೀರ್ಣ: ಹದಿನಾರು ಸಾವಿರದ ಇನ್ನೂರು. ವಾಸ: ಇಲ್ಲ. ಬಳಕೆ ಎಂಬಲ್ಲಿ ಬಂದು ಪೆನ್ನು ನಿಂತಿತು. ಲತಾಮಣಿ ಕಾದಳು. ಅವನು 'ಕಲ್ಯಾಣ ಮಂಟಪ' ಎಂದು ಬರೆದ. ಆಮೇಲೆ ಬಿಳಿ ಹಾಳೆ ತೆಗೆದುಕೊಂಡು ಮೂರು ಸಾಲು ಬರೆದು, ಸಹಿ ಹಾಕಿ, ಅವಳ ಕಡೆ ತಳ್ಳಿದ.

"ಆಯ್ತಲ್ಲ ಮೇಡಂ. ಇನ್ನು ಮನಸ್ಸಲ್ಲಿ ಇಟ್ಕೋಬೇಡಿ."

ಅವಳು ಹಾಳೆಯನ್ನು ಕೈಗೆತ್ತಿಕೊಳ್ಳಲಿಲ್ಲ. "ಓದಿ ಹೇಳಿ ಸಾರ್," ಎಂದಳು. "ಜೋರಾಗಿ. ದೂರು ಕೊಟ್ಟಾಗ ಎಲ್ಲಾರ್ಗೂ ಕೇಳಿಸ್ತು."

ಡಬ್ಬಿಗಳ ಸದ್ದು ನಿಂತಿತು. ಲಕ್ಕಪ್ಪ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು ಎದ್ದು ನಿಂತ. "ಲತಾಮಣಿ ಮೇಡಂ ನನ್ನ ಹತ್ತಿರ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಅವರು ಬರೆದದ್ದು ನಿಜ. ನಾನು ಬರೆದದ್ದು ಸುಳ್ಳು."

ಹಿಂದಿನ ಮೇಜಿನಲ್ಲಿ ಅಲಮೇಲು ತುತ್ತು ಕೈಯಲ್ಲೇ ಹಿಡಿದು ತಲೆ ತಗ್ಗಿಸಿದ್ದಳು. ಲತಾಮಣಿಗೆ ಅಷ್ಟು ಸಂತೋಷ ಜೀವಮಾನದಲ್ಲಿ ಆಗಿರಲಿಲ್ಲ, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಕುರ್ಚಿಗೆ ಒರಗಿ, ಕೈಕಟ್ಟಿ, ಮುಖದ ತುಂಬ ನಕ್ಕಳು.

"ಇನ್ನೊಂದ್ಸಲ ಓದಿ," ಎಂದಳು.

ಅವನು ಓದಿದ.